ರೋಬಸ್ಟ್ ಪೋರ್ಟರ್ ಮಾಡಲು ಹೋಗಿ ಬೂದಿ ನೀರು ಮಾಡಿಕೊಂಡಿದ್ದೇನೆ, ತಪ್ಪಿದ್ದು ಎಲ್ಲಿ?

ಕರಿನೊರೆ:

ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿ ಒಂದೂವರೆ ವರ್ಷ ಆಯಿತು. ಇದು ಹನ್ನೊಂದನೇ ಬ್ಯಾಚ್. ಪೇಲ್ ಏಲ್, ಗೋಧಿ ಬಿಯರ್ ಎಲ್ಲ ಒಂದು ಮಟ್ಟಕ್ಕೆ ಕೈಗೆ ಹತ್ತಿದೆ. ರೋಬಸ್ಟ್ ಪೋರ್ಟರ್, ಅಂದರೆ ಹುರಿದ ಮಾಲ್ಟ್ ರುಚಿ ಜೋರಾಗಿರುವ ಕಪ್ಪು ಬಿಯರ್, ಮಾಡಿದ್ದು ಇದೇ ಮೊದಲು. ಮೊದಲ ಸಲವೇ ಜಾಣತನ ತೋರಿಸಲು ಹೋದೆ, ಅದೇ ಎಡವಟ್ಟಾಯಿತು ಅನಿಸುತ್ತದೆ.

20 ಲೀಟರ್‌ಗೆ ನಾನು ಹಾಕಿದ್ದು ಇಷ್ಟು: ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4.4 ಕೆಜಿ, ಕ್ರಿಸ್ಟಲ್ 60 ಮಾಲ್ಟ್ 300 ಗ್ರಾಂ, ಚಾಕೊಲೇಟ್ ಮಾಲ್ಟ್ 300 ಗ್ರಾಂ, ಬ್ಲ್ಯಾಕ್ ಪೇಟೆಂಟ್ ಮಾಲ್ಟ್ 350 ಗ್ರಾಂ, ಹುರಿದ ಬಾರ್ಲಿ 200 ಗ್ರಾಂ. ಮ್ಯಾಶ್, ಅಂದರೆ ಕಾಳನ್ನು ಬಿಸಿನೀರಲ್ಲಿ ನೆನೆಸುವುದು, 67 ಡಿಗ್ರಿಯಲ್ಲಿ ಒಂದು ಗಂಟೆ. ಕಹಿಗೆ ಮ್ಯಾಗ್ನಮ್ ಹಾಪ್ಸ್ ಹೂವು 60 ನಿಮಿಷ ಕುದಿಸಿದೆ, ಲೆಕ್ಕದಲ್ಲಿ 45 ಐಬಿಯು (ಕಹಿಯ ಅಳತೆ). ಕುದಿಯ ಕೊನೆಯ ಹತ್ತು ನಿಮಿಷದಲ್ಲಿ 200 ಗ್ರಾಂ ಕಾಫಿ ಪುಡಿ, 150 ಗ್ರಾಂ ಕೋಕೋ ಪುಡಿ. ಹುದುಗು ಇಳಿದ ಮೇಲೆ ಎರಡು ವೆನಿಲ್ಲಾ ಕೋಡು. ಹೌದು, ಎಲ್ಲವನ್ನೂ ಒಂದೇ ಬ್ಯಾಚ್‌ಗೆ ಹಾಕಿದೆ. ನಗಬೇಡಿ.

ನೀರು ಫಿಲ್ಟರ್ ಮಾಡಿದ್ದು. ಆರ್‌ಒ ನೀರು, ಖನಿಜ ಏನೂ ಇಲ್ಲ. ಉಪ್ಪು ಗಿಪ್ಪು ಏನೂ ಸೇರಿಸಿಲ್ಲ. ಯೀಸ್ಟ್ ಎಸ್-04, 19 ಡಿಗ್ರಿಯಲ್ಲಿ.

ಈಗ ಎರಡು ಸಮಸ್ಯೆ. ಮೊದಲನೆಯದು, ರುಚಿ. ನಾಲಿಗೆಗೆ ಇಟ್ಟ ತಕ್ಷಣ ಚೂಪಾದ ಹುಳಿ, ಆಮೇಲೆ ಸೀದ ವಾಸನೆ, ಕೊನೆಗೆ ಗಂಟಲಲ್ಲಿ ಒಗರು. ಮೈ ಅನ್ನೋದೇ ಇಲ್ಲ, ತೆಳ್ಳಗಿದೆ. ನಮ್ಮ ಭಾವ ಒಂದು ಗುಟುಕು ಕುಡಿದು, "ಇದರಲ್ಲಿ ಸಿಗರೇಟು ಆರಿಸಿದ್ದೀಯಾ?" ಎಂದು ಕೇಳಿದರು. ಮಹರಾಯ ಸುಳ್ಳು ಹೇಳೋನಲ್ಲ.

ಎರಡನೆಯದು, ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದ ಹಾಗೆ ಇಳಿಯಬೇಕಾದದ್ದು) ಇಳಿಯುತ್ತಿಲ್ಲ. ಶುರುವಿನಲ್ಲಿ ರಿಫ್ರಾಕ್ಟೋಮೀಟರ್ 14.7 ಬ್ರಿಕ್ಸ್ (ಸಕ್ಕರೆಯ ಶೇಕಡಾವಾರು) ತೋರಿಸಿತ್ತು, ಅಂದರೆ ಗ್ರ್ಯಾವಿಟಿ 1.060. ಹತ್ತು ದಿನದ ಮೇಲೆ 7.8 ಬ್ರಿಕ್ಸ್. ಅದು 1.031 ಆಗುತ್ತದೆ. ಯೀಸ್ಟ್ ಮಲಗಿದೆ ಅಂದುಕೊಂಡು ಯುಎಸ್-05 ಯೀಸ್ಟ್ ಇನ್ನೊಂದು ಪ್ಯಾಕೆಟ್ ಸುರಿದೆ. 21 ಡಿಗ್ರಿಗೆ ಏರಿಸಿದೆ. ಫರ್ಮೆಂಟರ್ (ಹುದುಗು ಬರಿಸುವ ಪಾತ್ರೆ) ಅಲ್ಲಾಡಿಸಿದೆ. ಎರಡು ವಾರ ಕಳೆಯಿತು, ಇನ್ನೂ 7.8. ಒಂದು ಗೆರೆ ಕೂಡ ಕದಲಿಲ್ಲ.

ಉಳಿದ ಸಕ್ಕರೆ ಒಳಗೇ ಹುದುಗಿ ಗ್ಯಾಸ್ ಆಗುತ್ತದಲ್ಲ, ಬಾಟಲಿ ತುಂಬಿದರೆ ಒಡೆಯುತ್ತದೆ ಅನ್ನೋ ಭಯ. ಚೆಲ್ಲಲು ಮನಸ್ಸಿಲ್ಲ. ಮುಖ್ಯವಾಗಿ ನಾನು ಕೇಳಬೇಕಿರುವುದು ಇಷ್ಟೇ. ಮುಂದಿನ ಸಲ ಇದರಲ್ಲಿ ಯಾವುದನ್ನು ತೆಗೆಯಲಿ? ಕಾಫಿನಾ, ಕೋಕೋನಾ, ಹುರಿದ ಬಾರ್ಲಿನಾ?

ಬೂಜುಬಾಟಲಿ:

ಮೊದಲು ಎರಡನೇ ಸಮಸ್ಯೆ ಮುಗಿಸೋಣ, ಯಾಕೆಂದರೆ ಅದು ಸಮಸ್ಯೆಯೇ ಅಲ್ಲ.

ನಿಮ್ಮ ಬರಹದಲ್ಲೇ ಉತ್ತರ ಇದೆ. 1.031ಕ್ಕೆ ನಿಂತ ಬಿಯರ್ ಬಾಯಲ್ಲಿ ಪಾಕದ ಹಾಗೆ ಇರಬೇಕು. ಸಿಹಿ ತುಟಿಗೆ ಅಂಟಬೇಕು. ನೀವು ತೆಳ್ಳಗಿದೆ ಎನ್ನುತ್ತಿದ್ದೀರಿ. ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವೇ ಇಲ್ಲ. ನಾಲಿಗೆ ಮತ್ತು ಮೀಟರ್ ಜಗಳ ಆಡಿದರೆ ನಾನು ನಾಲಿಗೆ ಪರ.

ರಿಫ್ರಾಕ್ಟೋಮೀಟರ್ ಅಳೆಯುವುದು ಬೆಳಕು ಎಷ್ಟು ಬಾಗುತ್ತದೆ ಅನ್ನುವುದನ್ನು. ಸಕ್ಕರೆ ನೀರಿಗೆ ಅದು ಸರಿ. ಹುದುಗು ಬಂದ ಮೇಲೆ ಒಳಗೆ ಆಲ್ಕೋಹಾಲ್ ಸೇರಿರುತ್ತದೆ. ಆಲ್ಕೋಹಾಲ್ ಕೂಡ ನೀರಿಗಿಂತ ಜಾಸ್ತಿ ಬೆಳಕು ಬಾಗಿಸುತ್ತದೆ. ಪಾಪ, ಮೀಟರ್ ಅದನ್ನೂ ಸಕ್ಕರೆ ಅಂತಲೇ ಓದುತ್ತದೆ. ಶುರುವಿನ ಅಂಕಿ, ಕೊನೆಯ ಅಂಕಿ ಎರಡನ್ನೂ ಹಾಕಿ ತಿದ್ದುವ ಸೂತ್ರ ಇದೆ. 14.7 ಮತ್ತು 7.8 ಹಾಕಿ ನೋಡಿದೆ. ಸುಮಾರು 1.015 ಬರುತ್ತದೆ. ನಿಮ್ಮ ಬಿಯರ್ ಎರಡು ವಾರದ ಹಿಂದೆಯೇ ಮುಗಿದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗೆ ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿದಿದ್ದೀರಿ, ಪರವಾಗಿಲ್ಲ. ಅದಕ್ಕೆ ತಿನ್ನಲು ಏನೂ ಇರಲಿಲ್ಲ, ಸುಮ್ನೆ ತಳಕ್ಕೆ ಹೋಗಿ ಕೂತಿರುತ್ತದೆ.

ಆದರೂ ನನ್ನ ಮಾತು ನಂಬಿ ಬಾಟಲಿ ತುಂಬಬೇಡಿ. ಸೂತ್ರ ಅಂದಾಜು ಕೊಡುತ್ತದೆ ಅಷ್ಟೇ. ಹೈಡ್ರೋಮೀಟರ್ (ಬಿಯರ್‌ನಲ್ಲಿ ತೇಲಿಸಿ ಸಾಂದ್ರತೆ ಅಳೆಯುವ ಗಾಜಿನ ಕೊಳವೆ) ತನ್ನಿ. ಬಿಯರನ್ನು ಎರಡು ಲೋಟದ ನಡುವೆ ಹತ್ತಾರು ಸಲ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ. ಗುಳ್ಳೆ ಅಂಟಿದರೆ ಕೊಳವೆ ಮೇಲೆದ್ದು ಸುಳ್ಳು ಹೇಳುತ್ತದೆ. ಹೆಚ್ಚಿನವು 20 ಡಿಗ್ರಿಗೆ ಹೊಂದಿಸಿದವು, ಕಾಗದದ ಮೇಲೆ ಬರೆದಿರುತ್ತದೆ ನೋಡಿ. ಮೊದಲು ಬರೀ ನೀರಲ್ಲಿ 1.000 ತೋರಿಸುತ್ತದೆಯೇ ಎಂದು ಪರೀಕ್ಷಿಸಿ. ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಬದಲಾಗದಿದ್ದರೆ ಆಗ ಬಾಟಲಿ.

ಫರ್ಮೆಂಟರ್ ಅಲ್ಲಾಡಿಸಿದಿರಲ್ಲ, ಅದು ಮಾತ್ರ ಬೇಡವಿತ್ತು, ಗಾಳಿ ಸೇರಿದರೆ ಬಿಯರ್ ಕೆಡುತ್ತದೆ. ಮುಚ್ಚಳ ತೆಗೆದು ಕಲಕಿಲ್ಲ ತಾನೇ?

ಕರಿನೊರೆ:

ಅಯ್ಯೋ. ಕಲಕಿಲ್ಲ, ಮುಚ್ಚಿದ ಹಾಗೇ ತಿರುಗಿಸಿದೆ. ಹೈಡ್ರೋಮೀಟರ್ ನನ್ನ ಹತ್ತಿರ ಇತ್ತು, ಮೂರನೇ ಬ್ಯಾಚ್‌ನಲ್ಲಿ ಒಡೆಯಿತು. ರಿಫ್ರಾಕ್ಟೋಮೀಟರ್ ಬಂದ ಮೇಲೆ ಇನ್ನು ಅದು ಯಾಕೆ ಅಂದುಕೊಂಡೆ. ಹಾಗಾದರೆ ಹಿಂದಿನ ಏಳೆಂಟು ಬ್ಯಾಚ್‌ಗಳ ಕೊನೆಯ ಅಂಕಿಯೂ ತಪ್ಪೇ! ಪುಸ್ತಕದಲ್ಲಿ ಎಲ್ಲದಕ್ಕೂ "ಸ್ವಲ್ಪ ಬೇಗ ನಿಂತಿತು" ಎಂದು ಬರೆದಿಟ್ಟಿದ್ದೇನೆ.

ಮಾಲ್ಟಜ್ಜ:

ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅಂತಾರೆ. ಬೂದಿ ರುಚಿಯ ಬಿಯರ್ ಮಾಡುವುದರಲ್ಲಿ ನಾನು ಹಳೇ ರೋಗಿ. ಅದಕ್ಕೇ ಬರೆಯುತ್ತಿದ್ದೇನೆ.

ಯಾವುದನ್ನು ತೆಗೆಯಲಿ ಎಂದು ಕೇಳಿದಿರಿ. ನನ್ನ ಪ್ರಕಾರ ತೆಗೆಯುವುದಕ್ಕಿಂತ ಮೊದಲು ಸೇರಿಸಬೇಕಾದದ್ದು ಒಂದಿದೆ, ಅಡಿಗೆ ಸೋಡಾ.

ಹುರಿದ ಕಾಳುಗಳಲ್ಲಿ ಆಮ್ಲ ಇರುತ್ತದೆ. ಮ್ಯಾಶ್‌ಗೆ ಬಿದ್ದ ಕೂಡಲೇ ಪಿಎಚ್ ಕೆಳಗೆ ಎಳೆಯುತ್ತವೆ. ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಅದು ತಡೆ ಹಿಡಿಯುತ್ತದೆ. ಕಪ್ಪು ಬಿಯರ್ ಲಂಡನ್, ಡಬ್ಲಿನ್ ಕಡೆ ಚೆನ್ನಾಗಿ ಬಂದದ್ದಕ್ಕೆ ಅಲ್ಲಿಯ ಗಡಸು ನೀರೂ ಒಂದು ಕಾರಣ. ನಿಮ್ಮದು ಆರ್‌ಒ ನೀರು, ತಡೆಯುವವರು ಯಾರೂ ಇಲ್ಲ. ಮೇಲೆ 850 ಗ್ರಾಂ ಕಪ್ಪು ಕಾಳು. ಒಟ್ಟು 5.55 ಕೆಜಿಯಲ್ಲಿ ಅದು ಶೇ. 15! ಪಿಎಚ್ 5.4 ಆಸುಪಾಸು ಇರಬೇಕಾದ್ದು ನಿಮ್ಮಲ್ಲಿ 5.2ಕ್ಕಿಂತ ಕೆಳಗೆ ಬಿದ್ದಿರುತ್ತದೆ. ಚೂಪು ಹುಳಿ, ತೆಳುವಾದ ಮೈ, ಮೊನಚಾದ ಸೀದ ರುಚಿ. ನೀವು ಹೇಳಿದ ಮೂರೂ ಅದರ ಗುರುತು.

ನಂಬಿಕೆ ಬರದಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. 100 ಮಿಲಿ ನೀರಿಗೆ 1 ಗ್ರಾಂ ಅಡಿಗೆ ಸೋಡಾ ಕರಗಿಸಿ. ಎರಡು ಲೋಟದಲ್ಲಿ 100 ಮಿಲಿ ಬಿಯರ್ ಇಡಿ. ಒಂದಕ್ಕೆ ಮಾತ್ರ ಸಿರಿಂಜ್‌ನಲ್ಲಿ 1 ಮಿಲಿ ಸೋಡಾ ನೀರು ಹಾಕಿ ಕುಡಿದು ನೋಡಿ. ವ್ಯತ್ಯಾಸ ಗೊತ್ತಾಗದಿದ್ದರೆ ಇನ್ನೊಂದು ಮಿಲಿ. ಮೂರು ದಾಟಬೇಡಿ, ಉಪ್ಪು ಉಪ್ಪು ಆಗುತ್ತದೆ. 1 ಮಿಲಿಗೆ ಚೆನ್ನಾಗಿ ಅನಿಸಿದರೆ 20 ಲೀಟರ್‌ಗೆ 2 ಗ್ರಾಂ ಸೋಡಾ ಎಂದಾಯಿತು. ಚೆಲ್ಲುವ ಮೊದಲು ಇದೊಂದು ಮಾಡಿ.

ಮುಂದಿನ ಸಲ 15 ಲೀಟರ್ ಮ್ಯಾಶ್ ನೀರಿಗೆ 3 ಗ್ರಾಂ ಅಡಿಗೆ ಸೋಡಾ, 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ಶುರು ಮಾಡಿ. ಕ್ಲೋರೈಡ್ ಮೈ ತುಂಬಿಸುತ್ತದೆ. ಜಿಪ್ಸಮ್ ಬೇಡ, ಅದು ಕಹಿಯನ್ನು ಇನ್ನೂ ಚೂಪು ಮಾಡುತ್ತದೆ. ಪಿಎಚ್ ಅಳೆಯಲು ಕಾಗದದ ಪಟ್ಟಿ ಕಪ್ಪು ರಸದಲ್ಲಿ ಸುಖ ಇಲ್ಲ, ಬಣ್ಣವೇ ಕಾಣುವುದಿಲ್ಲ. ಮೀಟರ್ ಬೇಕು. ರಸವನ್ನು ಕೋಣೆಯ ಬಿಸಿಗೆ ಆರಿಸಿ ಅಳೆಯಿರಿ.

ಕಾಳಿನ ಲೆಕ್ಕ ನಾನು ಹೀಗೆ ಇಡುತ್ತೇನೆ. ಪೇಲ್ 4.2 ಕೆಜಿ, ಮ್ಯೂನಿಕ್ ಮಾಲ್ಟ್ 500 ಗ್ರಾಂ, ಕ್ರಿಸ್ಟಲ್ 60 ಮಾಲ್ಟ್ 400 ಗ್ರಾಂ, ಚಾಕೊಲೇಟ್ 300 ಗ್ರಾಂ, ಬ್ಲ್ಯಾಕ್ ಪೇಟೆಂಟ್ 150 ಗ್ರಾಂ. ಕಪ್ಪು ಕಾಳು ಶೇ. 8. ಬಣ್ಣದ ಚಿಂತೆ ಬೇಡ, ಲೋಟದಲ್ಲಿ ಕಪ್ಪಾಗಿಯೇ ಕಾಣುತ್ತದೆ. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು.

ಹುರಿದ ಬಾರ್ಲಿ ಪೋರ್ಟರ್‌ಗೆ ಸಲ್ಲದು, ಅದು ಸ್ಟೌಟ್‌ನ ಸ್ವತ್ತು ಅಂತ ಯಾರಾದರೂ ಬಂದು ಹೇಳುತ್ತಾರೆ, ಕಾದು ನೋಡಿ.

ಒಂದು ಹಳೇ ಕಥೆ ಹೇಳದೆ ಹೋಗಲಾರೆ. 18ನೇ ಶತಮಾನದ ಲಂಡನ್‌ನಲ್ಲಿ ಪೋರ್ಟರ್ ಮಾಡುತ್ತಿದ್ದದ್ದು ಬ್ರೌನ್ ಮಾಲ್ಟ್‌ನಿಂದ. ಮೂಟೆ ಹೊರುವ ಹಮಾಲರ ಮೆಚ್ಚಿನ ಬಿಯರ್, ಹೆಸರೂ ಅವರಿಂದಲೇ ಬಂತು. ಆಮೇಲೆ ಬ್ರೂವರಿಗಳಿಗೆ ಹೈಡ್ರೋಮೀಟರ್ ಬಂತು. ಅಳೆದು ನೋಡಿದರೆ ಅದೇ ತೂಕದ ಪೇಲ್ ಮಾಲ್ಟ್ ಎಷ್ಟೋ ಜಾಸ್ತಿ ಸಕ್ಕರೆ ಕೊಡುತ್ತಿತ್ತು. ಎಲ್ಲರೂ ಪೇಲ್ ಕಡೆ ವಾಲಿದರು. ಈಗ ಬಣ್ಣ ಎಲ್ಲಿಂದ ತರುವುದು? ಸುಟ್ಟ ಸಕ್ಕರೆ ಬೆರೆಸಿದರು. 1816ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಮರುವರ್ಷ, 1817ರಲ್ಲಿ, ಡೇನಿಯಲ್ ವೀಲರ್ ಅನ್ನುವವರು ತಿರುಗುವ ಡ್ರಮ್ಮಿನಲ್ಲಿ ಮಾಲ್ಟ್ ಕಪ್ಪಾಗಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಿಮ್ಮ ಚೀಲದ ಮೇಲಿರುವ 'ಪೇಟೆಂಟ್' ಅದೇ. ಒಂದು ಹಿಡಿ ಹಾಕಿದರೆ ಇಡೀ ಪೀಪಾಯಿ ಕಪ್ಪಾಗಲಿ ಅಂತ ಹುಟ್ಟಿದ ಕಾಳು ಅದು. ನೀವು 350 ಗ್ರಾಂ ಹಾಕಿದ್ದೀರಿ.

ಹಾಪುಬಳ್ಳಿ:

ಹುರಿದ ಬಾರ್ಲಿ ಪೋರ್ಟರ್‌ಗೆ ಸಲ್ಲದು, ಅದು ಸ್ಟೌಟ್‌ನ ಸ್ವತ್ತು. 😄

ತಮಾಷೆಗೆ ಹೇಳಿದೆ. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ 2008ರ ಕೈಪಿಡಿಯಲ್ಲಿ ರೋಬಸ್ಟ್ ಪೋರ್ಟರ್‌ಗೆ ಹುರಿದ ಬಾರ್ಲಿಯೂ ನಡೆಯುತ್ತದೆ ಅಂತಲೇ ಇದೆ. 2015ರಲ್ಲಿ ಆ ಹೆಸರೇ ಹೋಗಿ ಅಮೆರಿಕನ್ ಪೋರ್ಟರ್ ಆಯಿತು, ಅದು ಬೇರೆ ಮಾತು. 25ರಿಂದ 50 ಐಬಿಯು, ಶೇ. 4.8ರಿಂದ 6.5 ಆಲ್ಕೋಹಾಲ್. ಆ ಲೆಕ್ಕದಲ್ಲಿ ನಿಮ್ಮ ಬಿಯರ್ ಒಳಗೇ ಇದೆ.

ನೀರಿನ ವಿಷಯ ಒಪ್ಪುತ್ತೇನೆ. ಆದರೆ ಕಾಫಿ, ಕೋಕೋ ಬಗ್ಗೆ ಯಾರೂ ಮಾತಾಡಲಿಲ್ಲ. ಆ ಒಗರು ಪೂರ್ತಿ ಮಾಲ್ಟ್‌ನದಲ್ಲ. 200 ಗ್ರಾಂ ಕಾಫಿ ಪುಡಿಯನ್ನು ಹತ್ತು ನಿಮಿಷ ಕುದಿಸಿದರೆ ಕಾಫಿಯೇ ಕುಡಿಯಲು ಆಗುವುದಿಲ್ಲ, ಬಿಯರ್ ಎಲ್ಲಿಂದ ಆಗುತ್ತದೆ? ಕಾಫಿಯ ಒಳ್ಳೆಯ ವಾಸನೆಯೆಲ್ಲ ಆವಿಯ ಜೊತೆ ಹೋಗಿರುತ್ತದೆ. ಉಳಿದದ್ದು ಕಹಿ ಮಾತ್ರ.

ನಾನು ಮಾಡುವುದು ಹೀಗೆ. ಹುದುಗು ಪೂರ್ತಿ ಮುಗಿದ ಮೇಲೆ 80 ಗ್ರಾಂ ಇಡೀ ಕಾಫಿ ಬೀಜ, ಪುಡಿ ಮಾಡದೆ, ಕುದಿಸಿ ತೊಳೆದ ಬಟ್ಟೆ ಚೀಲದಲ್ಲಿ ಕಟ್ಟಿ 20 ಲೀಟರ್‌ಗೆ ಇಳಿಬಿಡುತ್ತೇನೆ. 24 ಗಂಟೆ. ರುಚಿ ನೋಡಿ ತೆಗೆಯುತ್ತೇನೆ. ಮಧ್ಯಮ ಹುರಿದ ಬೀಜ ಸಾಕು, ಕಪ್ಪು ಹುರಿದದ್ದು ಮತ್ತೆ ಅದೇ ಬೂದಿ. ಕಾಫಿ ಬಿಯರನ್ನು ಬೇಗ ಕುಡಿದು ಮುಗಿಸಿ. ಒಂದೆರಡು ತಿಂಗಳಾದ ಮೇಲೆ ನನ್ನ ಒಂದು ಬ್ಯಾಚ್ ದೊಣ್ಣೆ ಮೆಣಸಿನಕಾಯಿ ವಾಸನೆ ಹೊಡೆಯಿತು. ಈ ಕಾಟ ಪಟ್ಟವರು ನಾನೊಬ್ಬಳೇ ಅಲ್ಲ.

ಕೋಕೋ ಪುಡಿ ತಳದಲ್ಲಿ ಕೆಸರಾಗಿ ಕೂರುತ್ತದೆ, ಅಷ್ಟೇ ಅದರ ಕೆಲಸ. ಕೋಕೋ ನಿಬ್ಸ್ (ಒಡೆದ ಕೋಕೋ ಬೀಜದ ಚೂರು) ತಗೊಳ್ಳಿ, 120 ಗ್ರಾಂ. ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ವೋಡ್ಕಾದಲ್ಲಿ ಮೂರು ನಾಲ್ಕು ದಿನ ನೆನೆಸಿ. ಮೇಲೆ ಕಟ್ಟಿದ ಕೊಬ್ಬನ್ನು ಫ್ರೀಜರ್‌ನಲ್ಲಿಟ್ಟು ತೆಗೆದುಬಿಡಿ, ಇಲ್ಲದಿದ್ದರೆ ನೊರೆ ನಿಲ್ಲುವುದಿಲ್ಲ. ವೆನಿಲ್ಲಾ ಒಂದೇ ಕೋಡು, ಸೀಳಿ ಕೆರೆದು, ಅದೂ ವೋಡ್ಕಾದಲ್ಲಿ.

ಈ ವೋಡ್ಕಾ ಕಷಾಯಗಳ ದೊಡ್ಡ ಲಾಭ ಏನೆಂದರೆ ಲೋಟದಲ್ಲೇ ಆಟ ಆಡಬಹುದು. 100 ಮಿಲಿ ಬಿಯರ್‌ಗೆ 0.2 ಮಿಲಿ ಕಷಾಯ ಇಷ್ಟವಾದರೆ 20 ಲೀಟರ್‌ಗೆ 40 ಮಿಲಿ. ಇಡೀ ಬ್ಯಾಚ್ ಪಣಕ್ಕಿಡುವ ಅಗತ್ಯವೇ ಇಲ್ಲ. ಬಾಟಲಿ ತುಂಬುವಾಗ ಹತ್ತು ಬಾಟಲಿಗೆ ಕೋಕೋ, ಹತ್ತಕ್ಕೆ ವೆನಿಲ್ಲಾ, ಉಳಿದದ್ದು ಸಾದಾ. ಸಾದಾ ಒಂದಷ್ಟು ಇರಲೇಬೇಕು. ಇಲ್ಲದಿದ್ದರೆ ಯಾವುದು ಏನು ಮಾಡಿತು ಅಂತ ಯಾರಿಗೆ ಗೊತ್ತು? ನಿಮ್ಮ ಪ್ರಶ್ನೆಗೆ ಈಗ ನಾವೆಲ್ಲ ಊಹೆ ಹೊಡೆಯುತ್ತಿರುವುದು ಇದಕ್ಕೇ.

ಹುರಿದ ಕಾಳನ್ನು ಮ್ಯಾಶ್‌ನಲ್ಲಿ ಮೊದಲಿನಿಂದ ಹಾಕಲೇಬೇಡಿ ಅಂತಲೂ ನಾನು ಹೇಳುತ್ತೇನೆ. ರಾತ್ರಿ ತಣ್ಣೀರಿನಲ್ಲಿ ನೆನೆಸಿಟ್ಟು ಸೋಸಿ, ಆ ನೀರನ್ನು ಕುದಿಯ ಕೊನೆಗೆ ಸೇರಿಸಿ. ಪಿಎಚ್ ತಲೆನೋವೂ ಇಲ್ಲ, ಸೀದ ರುಚಿಯೂ ಇಲ್ಲ.

ಮಾಲ್ಟಜ್ಜ:

ತಣ್ಣೀರು ನೆನೆ ನಾನೂ ಮಾಡಿದ್ದೇನೆ. ಸೀದ ರುಚಿ ಹೋಗುತ್ತದೆ ನಿಜ, ಜೊತೆಗೆ ಪೋರ್ಟರ್‌ನ ಜೀವವೂ ಹೋಗುತ್ತದೆ. ರೋಬಸ್ಟ್ ಅಂದ ಮೇಲೆ ಸ್ವಲ್ಪ ಕಚ್ಚಬೇಕಲ್ವಾ? ಮೊದಲು ನೀರು ಸರಿ ಮಾಡಿ ನೋಡಲಿ.

ಹಾಪುಬಳ್ಳಿ:

ಕಾಳು ಸ್ವಲ್ಪ ಜಾಸ್ತಿ ನೆನೆಸಬೇಕು ಅಜ್ಜ, ಅಷ್ಟೇ. ನಿಮಗೆ ಕಚ್ಚಬೇಕು, ನನಗೆ ಬೇಡ. ಅವರವರ ನಾಲಿಗೆ.

ಕರಿನೊರೆ:

ಎಂಟು ವಾರದ ಮೇಲೆ ಬರೆಯುತ್ತಿದ್ದೇನೆ. ಸುಮ್ಮನೆ ಕೂತಿರಲಿಲ್ಲ.

ಹೊಸ ಹೈಡ್ರೋಮೀಟರ್ ತಂದೆ. ಗ್ಯಾಸ್ ಬಿಡಿಸಿ ಇಳಿಸಿದರೆ 1.015. ಸರಿಯಾಗಿ ಬೂಜುಬಾಟಲಿ ಹೇಳಿದ್ದೇ. ಮೂರು ದಿನ ಬಿಟ್ಟು ನೋಡಿದೆ, ಅದೇ. ಸುಮಾರು ಶೇ. 5.9 ಆಲ್ಕೋಹಾಲ್. ನನ್ನ ಪುಸ್ತಕದಲ್ಲಿ "ಬೇಗ ನಿಂತಿತು" ಅಂತ ಬರೆದಿದ್ದನ್ನೆಲ್ಲ ಸೂತ್ರ ಹಾಕಿ ತಿದ್ದಿದೆ. ಏಳು ಬ್ಯಾಚ್‌ಗಳಲ್ಲಿ ಒಂದೂ ಬೇಗ ನಿಂತಿರಲಿಲ್ಲ.

ಸೋಡಾ ಪರೀಕ್ಷೆ ಮಾಡಿದೆ. ಕೈ ನಡುಗುತ್ತಿತ್ತು, ಬಿಯರ್‌ಗೆ ಅಡಿಗೆ ಸೋಡಾ ಹಾಕುವುದು ಪಾಪ ಅನಿಸುತ್ತಿತ್ತು. 1 ಮಿಲಿಗೇ ಆ ಚೂಪು ಹುಳಿ ಅರ್ಧ ಇಳಿಯಿತು. 2 ಮಿಲಿಗೆ ದುಂಡಗಾಯಿತು. 3ಕ್ಕೆ ಸೋಪಿನ ಹಾಗೆ. ಆದರೆ ಗಂಟಲ ಒಗರು ಯಾವ ಲೋಟದಲ್ಲೂ ಕದಲಲಿಲ್ಲ. ಹಾಗಾಗಿ ಹುಳಿ ಮಾಲ್ಟಜ್ಜನ ಲೆಕ್ಕಕ್ಕೆ, ಒಗರು ಹಾಪುಬಳ್ಳಿಯ ಲೆಕ್ಕಕ್ಕೆ ಅಂತ ಬರೆದುಕೊಂಡೆ. 20 ಲೀಟರ್‌ಗೆ 3 ಗ್ರಾಂ ಹಾಕಿ ಬಾಟಲಿ ತುಂಬಿದೆ.

ಇನ್ನೊಂದು ಸಣ್ಣ ಪರೀಕ್ಷೆಯನ್ನೂ ಮಾಡಿದೆ. ಹಳೇ ಲೆಕ್ಕದ ಕಾಳನ್ನು ಅದೇ ಪ್ರಮಾಣದಲ್ಲಿ 200 ಗ್ರಾಂ ಅಳೆದು, ಅದೇ ಆರ್‌ಒ ನೀರಿನಲ್ಲಿ ಫ್ಲಾಸ್ಕಿನಲ್ಲಿ ಮ್ಯಾಶ್ ಮಾಡಿದೆ. ಮೀಟರ್‌ನಲ್ಲಿ 5.1 ಬಂತು. ಇದನ್ನು ಮೊದಲೇ ಮಾಡಬಹುದಿತ್ತು! ಅರ್ಧ ಗಂಟೆಯ ಕೆಲಸ.

ಆಮೇಲೆ ಹನ್ನೆರಡನೇ ಬ್ಯಾಚ್. ಮಾಲ್ಟಜ್ಜನ ಕಾಳಿನ ಲೆಕ್ಕ, ಸೋಡಾ, ಕ್ಯಾಲ್ಸಿಯಂ ಕ್ಲೋರೈಡ್. ಪಿಎಚ್ 5.4. ಹಾಪ್ಸ್ 35 ಐಬಿಯುಗೆ ಇಳಿಸಿದೆ, ಕೊನೆಗೆ ಸ್ವಲ್ಪ ವಿಲ್ಲಮೆಟ್ ಹಾಪ್ಸ್. 1.060ರಿಂದ 1.014. ಬಾಟಲಿ ತುಂಬುವಾಗ ನಾಲ್ಕು ಪಾಲು ಮಾಡಿದೆ. ಸಾದಾ, ಕೋಕೋ, ವೆನಿಲ್ಲಾ ಮತ್ತು ಎರಡೂ ಸೇರಿದ್ದು. ಮುಚ್ಚಳದ ಮೇಲೆ ಬಣ್ಣದ ಚುಕ್ಕೆ. ಕಾಫಿಗೆ ಈ ಸಲ ಕೈ ಹಾಕಲಿಲ್ಲ, ಇನ್ನೂ ಸಿಟ್ಟಿದೆ.

ಮೊನ್ನೆ ಭಾವನನ್ನು ಕೂರಿಸಿ, ಚುಕ್ಕೆ ತೋರಿಸದೆ ನಾಲ್ಕು ಲೋಟ ಕೊಟ್ಟೆ. ನನ್ನ ದುಡ್ಡು 'ಎರಡೂ ಸೇರಿದ್ದರ' ಮೇಲಿತ್ತು. ಅದನ್ನು ಮೂಸಿ "ಕೇಕ್ ಅಂಗಡಿ" ಎಂದು ಪಕ್ಕಕ್ಕೆ ಸರಿಸಿದರು. ಕೋಕೋಗೆ ತಲೆ ಆಡಿಸಿದರು. ಖಾಲಿ ಮಾಡಿದ್ದು ಸಾದಾ ಲೋಟ. ಇನ್ನೊಂದು ಕೇಳಿದರು. ಇಷ್ಟೆಲ್ಲ ನಿಬ್ಸ್, ಕೋಡು, ವೋಡ್ಕಾ ಖರ್ಚು ಮಾಡಿದ ಮೇಲೆ ಏನೂ ಹಾಕದ ಬಾಟಲಿ ಗೆದ್ದರೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನನಗೂ ಅದೇ ಇಷ್ಟವಾಯಿತು, ಅದನ್ನು ಭಾವನಿಗೆ ಹೇಳಲಿಲ್ಲ.

ಹಳೇ ಬೂದಿ ಬ್ಯಾಚ್ ಬಾಟಲಿಯಲ್ಲಿ ಸ್ವಲ್ಪ ಸಾಧು ಆಗಿದೆ. ಸಿಗರೇಟಿನಿಂದ ಇದ್ದಿಲಿನ ಮಟ್ಟಕ್ಕೆ ಬಂದಿದೆ. ಹೊಸದರ ಜೊತೆ ಮೂರಕ್ಕೆ ಒಂದು ಪಾಲು ಬೆರೆಸಿದರೆ ಕುಡಿಯಬಹುದು.

ಮುಂದಿನದಕ್ಕೆ ಹೊಗೆ ಹಾಕಿದ ಮಾಲ್ಟ್ ಪ್ರಯತ್ನಿಸುವ ಆಸೆ. ಬೀಚ್ ಮರದ ಹೊಗೆಯದ್ದು. ಪೇಲ್ ಮಾಲ್ಟ್‌ನಲ್ಲಿ ಎಷ್ಟು ಭಾಗ ಬದಲಿಸಲಿ? ಬೇರೆ ಏನೂ ಸೇರಿಸುವುದಿಲ್ಲ, ಆಣೆ.

ಮಾಲ್ಟಜ್ಜ:

ಶೇ. 15. ಪೀಟ್ ಹೊಗೆಯದ್ದು ಮಾತ್ರ ತರಬೇಡಿ, ಭಾವ ಮನೆಗೆ ಬರುವುದನ್ನೇ ಬಿಡುತ್ತಾರೆ. ಚೀಲ ತೆರೆದ ಮೇಲೆ ಬೇಗ ಬಳಸಿ, ಹೊಗೆ ವಾಸನೆ ದಿನ ಕಳೆದ ಹಾಗೆ ಆರಿಹೋಗುತ್ತದೆ.

ಹಾಪುಬಳ್ಳಿ:

10ರಿಂದ ಶುರು ಮಾಡಿ. ಅಜ್ಜನಿಗೆ ಕಚ್ಚಬೇಕು.